ಬ್ರೇಕಿನೊಳಗಿನ ಗಾಳಿ

ಇಂಗ್ಲಿಷಿನಲ್ಲಿ 'ಬ್ರೇಕ್ ಬ್ಲೀಡಿಂಗ್' ಎಂಬ ಮಾತೊಂದಿದೆ. ಅದನ್ನು ಪದಕ್ಕೆ ಪದ ಇಟ್ಟು ಕನ್ನಡಿಸಹೊರಟರೆ ಬ್ರೇಕಿನ ನೆತ್ತರು ಹರಿಸುವುದು ಎಂದಾಗಿ, ಕೇಳಿದವರು ಬೆಚ್ಚಿಯಾರು. ನಮ್ಮ ಊರುಗಳ ಗ್ಯಾರೇಜುಗಳಲ್ಲಿ ಈ ಕೆಲಸಕ್ಕೆ ಬಹಳ ಹಿಂದೆಯೇ ಬೇರೊಂದು ಹೆಸರು ಹುಟ್ಟಿಕೊಂಡಿದೆ: 'ಏರ್ ತೆಗೆಯುವುದು'. ಅರ್ಧ ಇಂಗ್ಲಿಷು, ಅರ್ಧ ಕನ್ನಡವಾದ ಈ ಮಾತು ಮೂಲದ ಮಾತಿಗಿಂತ ಹೆಚ್ಚು ಅರ್ಥವತ್ತಾದದ್ದು ಎಂದು ನನ್ನ ಭಾವನೆ. ಇಂಗ್ಲಿಷಿನವನು ಕಣ್ಣಿಗೆ ಕಂಡದ್ದನ್ನು, ಎಂದರೆ ಹೊರಕ್ಕೆ ಹರಿಯುವ ದ್ರವವನ್ನು, ನೋಡಿ ಹೆಸರಿಟ್ಟ. ನಮ್ಮ ಮೆಕ್ಯಾನಿಕ್ಕು ಕೆಲಸದ ಉದ್ದೇಶವನ್ನು ನೋಡಿ ಹೆಸರಿಟ್ಟ. ದ್ರವ ಹರಿಯುವುದು ನಿಮಿತ್ತ ಮಾತ್ರ. ಹೊರಗೆ ಹೋಗಬೇಕಾದದ್ದು ಗಾಳಿ. ಈ ಕೆಲಸಕ್ಕೆ ಯಾವ ಸಲಕರಣೆ ಬೇಕು, ಯಾವುದು ಬೇಡ ಎಂದು ತೀರ್ಮಾನಿಸುವಾಗ ಈ ಒಂದು ಮಾತನ್ನು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಆದಂತೆಯೇ.

ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಸ್ಪ್ಯಾನರಿನ ಸಹವಾಸವೇಕೆ ಎಂದು ಕೆಲವರಾದರೂ ಕೇಳಬಹುದು. ನಾನು ಶಿವಮೊಗ್ಗದಲ್ಲಿ ನೆಲೆಸಿದವನು. ಮಗಳ ಮನೆ ಉಡುಪಿಯಲ್ಲಿ. ವರ್ಷಕ್ಕೆ ಮೂರು ನಾಲ್ಕು ಸಲ ನಮ್ಮ ಚಿಕ್ಕ ಕಾರಿನಲ್ಲಿ ಆಗುಂಬೆಯಿಂದ ಸೋಮೇಶ್ವರಕ್ಕೆ ಘಾಟಿ ಇಳಿಯುತ್ತೇವೆ. ಒಂದರ ಮೇಲೊಂದು ಬರುವ ಆ ಕಡಿದಾದ ತಿರುವುಗಳಲ್ಲಿ ನನ್ನ, ನನ್ನ ಹೆಂಡತಿಯ, ಒಮ್ಮೊಮ್ಮೆ ಹಿಂದಿನ ಸೀಟಿನಲ್ಲಿ ಕುಳಿತ ಮೊಮ್ಮಕ್ಕಳ ಜೀವ ನಿಂತಿರುವುದು ನನ್ನ ಬಲಗಾಲಿನ ಕೆಳಗಿರುವ ಒಂದು ಪೆಡಲಿನ ಮೇಲೆ. ಆ ಪೆಡಲಿನಾಚೆ ಏನಿದೆ ಎಂಬುದನ್ನು ತಿಳಿಯಬೇಕೆನ್ನಿಸಿತು. ತಿಳಿದ ಮೇಲೆ ಕೈಯಾರೆ ಮಾಡಬೇಕೆನ್ನಿಸಿತು. ಕೆಲವು ವರ್ಷಗಳಿಂದ ಈ ಕೆಲಸವನ್ನು ಮನೆಯಂಗಳದಲ್ಲಿಯೇ ಮಾಡಿಕೊಂಡು ಬಂದಿದ್ದೇನೆ. ಆ ಅನುಭವದ ಬಲದ ಮೇಲೆ ಈ ನಾಲ್ಕು ಮಾತು.

ಮೊದಲು ಬ್ರೇಕಿನ ತತ್ತ್ವವನ್ನು ಸ್ವಲ್ಪ ನೋಡೋಣ. ಸಾಹಿತ್ಯಾಸಕ್ತರಿಗೆ ಬ್ಲೇಸ್ ಪಾಸ್ಕಲ್ ಎಂಬ ಫ್ರೆಂಚ್ ಚಿಂತಕನ ಪರಿಚಯವಿರುತ್ತದೆ. 1623ರಲ್ಲಿ ಹುಟ್ಟಿ 1662ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡ ಈತ ದೈವ, ಮಾನವ, ಬದುಕಿನ ಅಲ್ಪತೆ ಇವುಗಳ ಕುರಿತು ಬರೆದಿಟ್ಟ ಚಿಂತನೆಗಳು ಜಗತ್ಪ್ರಸಿದ್ಧವಾದವು. ಅದೇ ಪಾಸ್ಕಲ್ ದ್ರವಗಳ ಸಮತೋಲನವನ್ನು ಕುರಿತೂ ಒಂದು ಪ್ರಬಂಧ ಬರೆದಿದ್ದ; ಅದು ಅವನ ಮರಣಾನಂತರ 1663ರಲ್ಲಿ ಪ್ರಕಟವಾಯಿತು. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಒಂದು ಕಡೆ ಒತ್ತಡ ಹಾಕಿದರೆ ಆ ಒತ್ತಡ ಎಲ್ಲ ದಿಕ್ಕಿಗೂ ಕುಂದಿಲ್ಲದೆ ಹರಡುತ್ತದೆ ಎಂಬುದು ಅವನು ಕಂಡ ಸತ್ಯ. ಅದು ಕಾರಿನ ಚಕ್ರಕ್ಕೆ ಮುಟ್ಟಲು ಎರಡೂವರೆ ಶತಮಾನ ಹಿಡಿಯಿತು. ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ ದ್ರವದ ಬ್ರೇಕಿಗೆ ಪೇಟೆಂಟ್ ಪಡೆದದ್ದು 1917ರಲ್ಲಿ. ಡ್ಯೂಸೆನ್‌ಬರ್ಗ್ ಎಂಬ ಕಾರಿನ ನಾಲ್ಕೂ ಚಕ್ರಗಳಿಗೆ ಅಂಥ ಬ್ರೇಕು ಬಂದದ್ದು 1921ರಲ್ಲಿ. ಅಲ್ಲಿಂದೀಚೆಗೆ ಅಂಬಾಸಡರ್ ಆಗಲಿ, ಪ್ರೀಮಿಯರ್ ಪದ್ಮಿನಿಯಾಗಲಿ, ಮಾರುತಿಯಾಗಲಿ, ಎಲ್ಲವೂ ನಿಂತದ್ದು ಈ ತತ್ತ್ವದಿಂದಲೇ. ಕಾಲು ಪೆಡಲನ್ನು ತುಳಿಯುತ್ತದೆ; ಪೆಡಲು ಮಾಸ್ಟರ್ ಸಿಲಿಂಡರಿನ ಕೊಂತವನ್ನು ದೂಡುತ್ತದೆ; ಆ ಒತ್ತಡ ಉಕ್ಕಿನ ಸಣ್ಣ ನಳಿಕೆ ಮತ್ತು ರಬ್ಬರಿನ ಹೋಸುಗಳಲ್ಲಿ ತುಂಬಿರುವ ದ್ರವದ ಮೂಲಕ ಚಕ್ರವನ್ನು ತಲುಪಿ ಅಲ್ಲಿನ ಪ್ಯಾಡುಗಳನ್ನು ಒತ್ತಿ ಹಿಡಿಸುತ್ತದೆ.

ಇದೆಲ್ಲ ನಡೆಯುವುದು ದ್ರವವು ಕುಗ್ಗುವುದಿಲ್ಲ ಎಂಬ ಕಾರಣಕ್ಕೆ. ಗಾಳಿಯ ಸ್ವಭಾವ ಅದಲ್ಲ. ಒತ್ತಿದರೆ ಕುಗ್ಗುತ್ತದೆ, ಬಿಟ್ಟರೆ ಹಿಗ್ಗುತ್ತದೆ. ನಳಿಕೆಯಲ್ಲೆಲ್ಲೋ ಒಂದು ಗುಳ್ಳೆ ಸೇರಿಕೊಂಡಿತೆಂದರೆ, ಕಾಲು ಹಾಕಿದ ಶಕ್ತಿ ಮೊದಲು ಆ ಗುಳ್ಳೆಯನ್ನು ಹಿಂಡುವುದರಲ್ಲಿಯೇ ವ್ಯಯವಾಗುತ್ತದೆ, ಉಳಿದದ್ದು ಚಕ್ರಕ್ಕೆ. ಪೆಡಲು ಸ್ಪಂಜಿನಂತೆ ಮೆತ್ತಗಾಗಿ ಕೆಳಗಿಳಿಯುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಗಾಳಿಯನ್ನು ಗುದ್ದಿ ಮೈ ನೋಯಿಸಿಕೊಂಡ ಎಂಬ ಗಾದೆಯನ್ನು ನಮ್ಮ ಹಿರಿಯರು ಯಾವ ಸಂದರ್ಭಕ್ಕೆ ಹೇಳಿದರೋ ಕಾಣೆ. ಬ್ರೇಕಿನ ವಿಷಯದಲ್ಲಂತೂ ಅದು ಅಕ್ಷರಶಃ ನಿಜ.

ಗಾಳಿ ಒಳಗೆ ಹೋಗುವುದಾದರೂ ಹೇಗೆ? ಬ್ರೇಕಿನ ಯಾವುದಾದರೂ ಭಾಗವನ್ನು ಬಿಚ್ಚಿ ಜೋಡಿಸಿದಾಗ ಹೋಗುತ್ತದೆ. ಬಾನೆಟ್ಟಿನ ಕೆಳಗಿನ ಡಬ್ಬಿಯಲ್ಲಿ ದ್ರವ ತೀರಾ ಇಳಿದರೆ ಹೋಗುತ್ತದೆ. ಮೂರನೆಯ ದಾರಿಯೊಂದಿದೆ, ಅದು ಗುಟ್ಟಾಗಿ ನಡೆಯುವಂಥದು. ಬ್ರೇಕಿನ ದ್ರವಕ್ಕೆ ಸುತ್ತಲ ತೇವವನ್ನು ಹೀರಿಕೊಳ್ಳುವ ಗುಣವಿದೆ. ಮಳೆಗಾಲದಲ್ಲಿ ಮುಚ್ಚಳ ಸಡಿಲವಾದ ಡಬ್ಬಿಯ ಉಪ್ಪು ನೀರೊಡೆಯುವುದನ್ನು ಮಲೆನಾಡಿನವರು ಬಲ್ಲರು. ಹೆಚ್ಚುಕಡಿಮೆ ಅದೇ ರೀತಿ. ಡಾಟ್ 3 ಎಂಬ ದರ್ಜೆಯ ದ್ರವ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ನೂರಕ್ಕೆ 3.7ರಷ್ಟು ನೀರು ಸೇರಿದ ಮೇಲೆ ಅದೇ ದ್ರವಕ್ಕೆ ನಿಗದಿಯಾದ ಮಿತಿ 140 ಡಿಗ್ರಿ ಮಾತ್ರ. ಡಾಟ್ 4 ಎಂಬುದಕ್ಕೆ ಈ ಅಂಕಿಗಳು 230 ಮತ್ತು 155. ಘಾಟಿ ಇಳಿಯುವಾಗ ಗೇರನ್ನು ಇಳಿಸದೆ ಬ್ರೇಕನ್ನೇ ನೆಚ್ಚಿ ಒತ್ತುತ್ತ ಬಂದರೆ ಚಕ್ರದ ಬಳಿ ಶಾಖ ಏರುತ್ತದೆ. ಹಳತಾದ ದ್ರವ ಕುದಿದು ಆವಿಯಾಗುತ್ತದೆ. ಆವಿಯೂ ಗಾಳಿಯಂತೆಯೇ ಕುಗ್ಗುವಂಥದು. ಬೆಟ್ಟದ ಮೇಲೆ ಗಟ್ಟಿಯಾಗಿದ್ದ ಪೆಡಲು ನಡುದಾರಿಯಲ್ಲಿ ಕಾಲಿನಡಿಯಿಂದ ಜಾರಿಹೋಗುವುದು ಹೀಗೆ. ಆದಕಾರಣವೇ ಅನೇಕ ತಯಾರಕರು ಎರಡು ವರ್ಷಕ್ಕೊಮ್ಮೆ ಈ ದ್ರವವನ್ನು ಬದಲಾಯಿಸಬೇಕೆಂದು ಹೇಳುತ್ತಾರೆ. ಗಾಳಿ ತೆಗೆಯುವ ಕೆಲಸವೂ ಹಳೆಯ ದ್ರವ ತೆಗೆದು ಹೊಸದನ್ನು ತುಂಬುವ ಕೆಲಸವೂ ಒಂದೇ ಸಲಕರಣೆಗಳಿಂದ, ಒಂದೇ ಕ್ರಮದಲ್ಲಿ ನಡೆಯುತ್ತವೆ.

ಇಲ್ಲಿ ಹೆಸರಿನ ತೊಡಕೊಂದನ್ನು ಬಿಡಿಸಬೇಕು. ನಾವೆಲ್ಲರೂ ಇದನ್ನು 'ಬ್ರೇಕ್ ಆಯಿಲ್' ಎನ್ನುತ್ತೇವೆ. ಏರ್ ತೆಗೆಯುವುದು ಎಂಬ ಮಾತು ಎಷ್ಟು ಸರಿಯೋ ಇದು ಅಷ್ಟೇ ತಪ್ಪು. ಸಾಮಾನ್ಯ ಕಾರುಗಳಲ್ಲಿರುವುದು ಎಣ್ಣೆಯಲ್ಲ. ಗ್ಲೈಕಾಲ್ ಜಾತಿಯ ರಾಸಾಯನಿಕ. ಎಣ್ಣೆಯೆಂಬ ಹೆಸರನ್ನು ನಂಬಿ ಎಂಜಿನ್ ಆಯಿಲನ್ನೋ ಪವರ್ ಸ್ಟಿಯರಿಂಗಿನ ಎಣ್ಣೆಯನ್ನೋ ಸುರಿದರೆ, ಅಥವಾ ಎಣ್ಣೆ ಮುಟ್ಟಿದ ಸಿರಿಂಜು, ಆಲಿಕೆಗಳನ್ನು ಬಳಸಿದರೆ, ಒಳಗಿನ ರಬ್ಬರಿನ ಭಾಗಗಳು ಊದಿಕೊಂಡು ಹಾಳಾಗುತ್ತವೆ. ಸಂಖ್ಯೆಗಳಲ್ಲಿಯೂ ಮೋಸವಿದೆ. ಡಾಟ್ 3, ಡಾಟ್ 4, ಡಾಟ್ 5.1 ಇವು ಮೂರೂ ಒಂದೇ ಕುಲದವು. ನಡುವೆ ಬರುವ ಡಾಟ್ 5 ಮಾತ್ರ ಸಿಲಿಕೋನ್ ಕುಲದ್ದು. ಉಳಿದವುಗಳೊಂದಿಗೆ ಅದನ್ನು ಬೆರೆಸಲಾಗದು. ಐದಕ್ಕೂ ಐದು ದಶಾಂಶ ಒಂದಕ್ಕೂ ಇರುವ ಅಂತರ ಒಂದು ಚುಕ್ಕೆಯಷ್ಟೇ ಎಂದು ತಿಳಿಯಬಾರದು. ಡಬ್ಬಿಯ ಮುಚ್ಚಳದ ಮೇಲೆಯೇ ಯಾವ ದರ್ಜೆಯ ದ್ರವ ಬೇಕೆಂದು ಅಚ್ಚೊತ್ತಿರುತ್ತದೆ. ಅದನ್ನು ಓದಿ, ಸೀಲು ಒಡೆಯದ ಹೊಸ ಬಾಟಲಿಯನ್ನೇ ತರಬೇಕು. ಕಳೆದ ಮಳೆಗಾಲದಲ್ಲಿ ತೆರೆದು ಉಳಿಸಿದ ಬಾಟಲಿ ಎಷ್ಟೇ ತುಂಬಿದ್ದರೂ ತೇವ ಹೀರಿದ್ದೇ ಸರಿ.

ಇನ್ನು ಸಲಕರಣೆಗಳ ವಿಚಾರ. ವ್ಯಾಕರಣದಲ್ಲಿ ಕರಣ ಎಂಬ ಕಾರಕವೊಂದಿದೆಯಷ್ಟೆ. 'ಕೊಡಲಿಯಿಂದ ಮರವನ್ನು ಕಡಿದನು' ಎಂಬಲ್ಲಿ ಕೊಡಲಿ ಕರಣ. ಮರ ಕಡಿಯಲು ನೆರವಾದವು ಬೇರೆಯೂ ಇವೆ: ನಿಲ್ಲಲು ನೆಲ, ಬೀಸಲು ತೋಳು, ನೋಡಲು ಬೆಳಕು. ಆದರೂ ಕ್ರಿಯೆ ಕೈಗೂಡುವುದಕ್ಕೆ ಎಲ್ಲಕ್ಕಿಂತ ಹೆಚ್ಚಾಗಿ ಒದಗಿದ್ದು ಯಾವುದೋ ಅದಕ್ಕೆ ಮಾತ್ರ ಕರಣವೆಂಬ ಪಟ್ಟವನ್ನು ಪಾಣಿನಿ ಕಟ್ಟಿದ. ಅಂಗಡಿಗೆ ಹೋದರೆ ಬ್ರೇಕಿನ ಕೆಲಸಕ್ಕೆಂದು ಮಾರುವ ವಸ್ತುಗಳ ಸಾಲೇ ಕಾಣಿಸುತ್ತದೆ: ಕೈಪಂಪುಗಳು, ಒತ್ತಡದ ಕ್ಯಾನುಗಳು, ಕವಾಟದ ನಳಿಕೆಗಳು, ಸಿರಿಂಜುಗಳು. ಇವುಗಳಲ್ಲಿ ನಿಜವಾದ ಕರಣ ಯಾವುದು? ನಾನು ಪ್ರತಿಯೊಂದನ್ನೂ ಮೂರು ಪ್ರಶ್ನೆಗಳಿಂದ ಪರೀಕ್ಷಿಸುತ್ತೇನೆ. ಅದು ನನ್ನ ಕಾರಿಗೆ ಸರಿಯಾಗಿ ಹೊಂದುವುದೇ? ಹೊರಟ ಗಾಳಿ ಹಿಂತಿರುಗದಂತೆ ತಡೆಯುವುದೇ? ಗಾಳಿ ನಿಜವಾಗಿ ಹೊರಟಿತೇ ಇಲ್ಲವೇ ಎಂಬುದನ್ನು ನನಗೆ ತೋರಿಸುವುದೇ? ಮೂರನೆಯ ಪ್ರಶ್ನೆಗೆ ನಾನು ಹೆಚ್ಚಿನ ಬೆಲೆ ಕೊಡುತ್ತೇನೆ. ಏಕೆಂದರೆ ಬ್ರೇಕಿನ ಒಳಗನ್ನು ಕಣ್ಣಿನಿಂದ ನೋಡುವಂತಿಲ್ಲ. ಹೊರಬಂದದ್ದನ್ನು ನೋಡಿ ಒಳಗಿನದನ್ನು ಊಹಿಸಬೇಕು.

ಮೊದಲ ಪ್ರಶ್ನೆಗೆ ಉತ್ತರ ಹೇಳಬೇಕಾದದ್ದು ಸ್ಪ್ಯಾನರು. ಪ್ರತಿ ಚಕ್ರದ ಬ್ರೇಕಿನ ಹಿಂಬದಿಯಲ್ಲಿ ನಿಪ್ಪಲ್ ಎಂದು ಕರೆಯುವ ಸಣ್ಣದೊಂದು ತಿರುಪಿರುತ್ತದೆ. ಅದರ ನಡುವೆ ರಂಧ್ರ. ಎಂದರೆ ಅದು ಟೊಳ್ಳು. ಮೇಲೆ ಮಣ್ಣು, ನೀರು, ತುಕ್ಕು. ಇಂಥ ತಿರುಪನ್ನು ಬಾಯಿ ತೆರೆದ ಸ್ಪ್ಯಾನರಿನಿಂದ ತಿರುಗಿಸಹೋದರೆ ಅದರ ಮೂಲೆಗಳು ಸವೆದು ದುಂಡಗಾಗುತ್ತವೆ. ಹೆಚ್ಚು ಬಲ ಹಾಕಿದರೆ ತಿರುಪೇ ಮುರಿಯುತ್ತದೆ. ಮುರಿದ ತುಂಡನ್ನು ತೆಗೆಯುವುದು ಮನೆಯಲ್ಲಿ ಆಗುವ ಕೆಲಸವಲ್ಲ. ಆದ್ದರಿಂದ ಬೇಕಾದದ್ದು ಒಳ್ಳೆಯ ಉಕ್ಕಿನ ರಿಂಗ್ ಸ್ಪ್ಯಾನರು; ಅದರಲ್ಲಿಯೂ ಹನ್ನೆರಡು ಹಲ್ಲಿನದಕ್ಕಿಂತ ಆರು ಮೂಲೆಯದು ಲೇಸು, ಏಕೆಂದರೆ ಅದು ತಿರುಪಿನ ಆರೂ ಮುಖಗಳನ್ನು ತಬ್ಬಿ ಹಿಡಿಯುತ್ತದೆ. ಕಾರಿನಿಂದ ಕಾರಿಗೆ ಅಳತೆ ಬೇರೆ. ಸಾಮಾನ್ಯವಾಗಿ 7ರಿಂದ 11 ಮಿಲಿಮೀಟರಿನ ಒಳಗೆ ಬರುತ್ತದೆ. ಒಂದೇ ಕಾರಿನಲ್ಲಿ ಮುಂದಿನ ಚಕ್ರಕ್ಕೊಂದು, ಹಿಂದಿನದಕ್ಕೊಂದು ಅಳತೆಯಿರುವುದೂ ಉಂಟು. ಕೊಳ್ಳುವ ಮೊದಲು ನೋಡಿಕೊಳ್ಳಬೇಕು. ಸ್ಪ್ಯಾನರಿನ ಹಿಡಿ ಗಿಡ್ಡವಾಗಿರಲಿ ಎಂಬುದು ನನ್ನ ಸಲಹೆ. ಹಿಡಿ ಉದ್ದವಾದಷ್ಟೂ ಬಲ ಹೆಚ್ಚುತ್ತದೆ. ಈ ಟೊಳ್ಳು ತಿರುಪಿಗೆ ಬೇಕಾದ ಬಿಗಿ ಬಹಳ ಕಡಿಮೆ. ತುಕ್ಕು ಹಿಡಿದಿದ್ದರೆ ತುಕ್ಕು ಬಿಡಿಸುವ ದ್ರಾವಣ ಹಾಕಿ ಒಂದು ರಾತ್ರಿ ಕಾಯುವುದು ವಿವೇಕ. ಅಷ್ಟಾದರೂ ಜಗ್ಗದಿದ್ದರೆ ಗ್ಯಾರೇಜಿನ ದಾರಿ ಹಿಡಿಯಬೇಕು.

ಎರಡನೆಯದು ಪಾರದರ್ಶಕವಾದ ಒಂದು ನಳಿಕೆ ಮತ್ತು ಒಂದು ಬಾಟಲಿ. ಇಡೀ ಸಲಕರಣೆಗಳಲ್ಲಿ ಎಲ್ಲಕ್ಕಿಂತ ಅಗ್ಗವಾದದ್ದು ಇದು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ನಳಿಕೆಯ ಒಳ ಅಳತೆ ಸುಮಾರು 5 ಮಿಲಿಮೀಟರು. ನಿಪ್ಪಲ್ಲಿನ ತುದಿಗೆ ಬಿಗಿಯಾಗಿ ಕೂರಬೇಕು. ಮೊದಲು ಸ್ಪ್ಯಾನರನ್ನು ತಿರುಪಿಗೆ ತೊಡಿಸಿ, ಅನಂತರ ನಳಿಕೆಯನ್ನು ಸಿಕ್ಕಿಸಬೇಕು. ಕ್ರಮ ತಪ್ಪಿದರೆ ನಳಿಕೆಯನ್ನು ಮತ್ತೆ ಕೀಳಬೇಕಾಗುತ್ತದೆ. ಬಾಟಲಿಯಲ್ಲಿ ಎರಡು ಬೆರಳಿನಷ್ಟು ಹೊಸ ದ್ರವ ಹಾಕಿ ನಳಿಕೆಯ ಇನ್ನೊಂದು ತುದಿಯನ್ನು ಅದರಲ್ಲಿ ಮುಳುಗಿಸಿಡಬೇಕು. ತುದಿ ಮುಳುಗಿದ್ದರೆ, ಹಿಮ್ಮೆಟ್ಟಿದರೂ ಒಳಗೆ ಹೋಗುವುದು ದ್ರವವೇ ಹೊರತು ಗಾಳಿಯಲ್ಲ. ನಿಪ್ಪಲ್ಲಿನಿಂದ ಹೊರಟ ನಳಿಕೆ ಮೊದಲು ಮೇಲಕ್ಕೆ ಏರಿ ಅನಂತರ ಬಾಟಲಿಗೆ ಇಳಿಯುವಂತೆ ಬಾಗಿಸಿದರೆ ಗುಳ್ಳೆಗಳು ತಿರುಪಿನಿಂದ ದೂರಕ್ಕೆ ತೇಲಿಹೋಗುತ್ತವೆ. ನಮ್ಮ ಬೀದಿಯ ಮೂಲೆಯಲ್ಲಿರುವ ಗ್ಯಾರೇಜಿನ ಮೆಕ್ಯಾನಿಕ್ಕು ನನಗೆ ಮೊದಲು ಹೇಳಿಕೊಟ್ಟ ಪಾಠವೂ ಇದೇ: "ಮೇಷ್ಟ್ರೇ, ಬಾಟ್ಲಿ ನೋಡ್ಬೇಡಿ, ಪೈಪು ನೋಡಿ." ಬಾಟಲಿ ತುಂಬಿದ್ದು ಎಷ್ಟು ದ್ರವ ಖರ್ಚಾಯಿತೆಂದು ಹೇಳುತ್ತದೆ, ಗಾಳಿ ಹೊರಟಿತೇ ಎಂಬುದನ್ನು ಹೇಳುವುದು ನಳಿಕೆ. ಮೊದಮೊದಲು ಗುಳ್ಳೆಗಳು, ಕಂದು ಬಣ್ಣದ ಹಳೆಯ ದ್ರವ. ಬರಬರುತ್ತ ತಿಳಿಯಾದ ಹೊಸ ದ್ರವದ ಅಖಂಡ ಧಾರೆ. ಅದನ್ನು ಕಣ್ಣಾರೆ ಕಂಡ ಮೇಲೆಯೇ ಆ ಚಕ್ರದ ಕೆಲಸ ಮುಗಿಯಿತೆನ್ನಬೇಕು.

ಮೂರನೆಯದು ಇನ್ನೊಬ್ಬ ಮನುಷ್ಯ. ಮನುಷ್ಯರನ್ನು ಸಲಕರಣೆಯ ಪಟ್ಟಿಯಲ್ಲಿ ಸೇರಿಸಿದ್ದಕ್ಕೆ ಕ್ಷಮೆಯಿರಲಿ. ಆದರೆ ಹಳೆಯ ಹಾಗೂ ಇಂದಿಗೂ ನೆಚ್ಚಬಹುದಾದ ಪದ್ಧತಿ ಇಬ್ಬರು ಸೇರಿ ಮಾಡುವುದೇ. ಒಬ್ಬರು ಪೆಡಲನ್ನು ಒತ್ತಿ ಹಿಡಿಯಬೇಕು. ಇನ್ನೊಬ್ಬರು ತಿರುಪನ್ನು ಕಾಲು ಸುತ್ತು, ಅರ್ಧ ಸುತ್ತು ಸಡಿಲಿಸಿ ಗಾಳಿಯೂ ದ್ರವವೂ ಹೊರಬಂದೊಡನೆ ಮತ್ತೆ ಬಿಗಿ ಮಾಡಬೇಕು. ಬಿಗಿಯಾದ ಮೇಲೆಯೇ ಪೆಡಲಿನಿಂದ ಕಾಲು ತೆಗೆಯಬೇಕು; ಮೊದಲೇ ತೆಗೆದರೆ ಹೊರಬಿದ್ದ ಗಾಳಿ ಹಿಂದಕ್ಕೆ ಸೇದಿಕೊಳ್ಳುತ್ತದೆ. ಇಡೀ ಕೆಲಸ ಒಬ್ಬರ ಮುಖ ಒಬ್ಬರಿಗೆ ಕಾಣದೆ ಬರಿಯ ಮಾತಿನ ಮೇಲೆ ನಡೆಯುತ್ತದೆ. ಹಾಗಾಗಿ ಮಾತು ಇಲ್ಲಿ ಸ್ಪ್ಯಾನರಿನಷ್ಟೇ ಕರಾರುವಾಕ್ಕಾಗಿರಬೇಕು. 'ಬಿಡು' ಎಂಬ ಶಬ್ದವನ್ನು ನೋಡಿ: ಕಾಲು ಬಿಡು ಎಂದೂ ಆಗುತ್ತದೆ, ತಿರುಪು ಸಡಿಲ ಬಿಡು ಎಂದೂ ಆಗುತ್ತದೆ. ನಮ್ಮ ಮನೆಯಲ್ಲಿ ಆ ಶಬ್ದಕ್ಕೆ ಈ ಕೆಲಸದ ಮಟ್ಟಿಗೆ ಬಹಿಷ್ಕಾರ. ನಾನು "ತುಳಿ" ಎನ್ನುತ್ತೇನೆ. ನನ್ನ ಹೆಂಡತಿ "ತುಳಿದೆ ಕಣ್ರೀ" ಎಂದು ಭೂತಕಾಲದಲ್ಲಿ ಉತ್ತರ ಕೊಟ್ಟ ಮೇಲೆಯೇ ತಿರುಪಿಗೆ ಕೈ ಹಾಕುತ್ತೇನೆ. "ತುಳೀತೀನಿ" ಎಂದರೆ ಸಾಲದು, ಕ್ರಿಯೆ ಮುಗಿದಿರಬೇಕು. ತಿರುಪು ಬಿಗಿದ ಮೇಲೆ "ಕಾಲು ತೆಗೆ" ಎನ್ನುತ್ತೇನೆ. "ತೆಗೆದೆ" ಎಂದು ಉತ್ತರ ಬರುತ್ತದೆ. ಜೀವಮಾನವೆಲ್ಲ ತರಗತಿಯಲ್ಲಿ ಕಾಲಗಳನ್ನು ಬೋಧಿಸಿದ್ದು ಹೀಗೂ ಉಪಯೋಗಕ್ಕೆ ಬಂತು.

ಈ ಪದ್ಧತಿಯಲ್ಲಿ ಇನ್ನೊಂದು ಸಣ್ಣ ಸಾಧನ ಬೇಕು: ಪೆಡಲಿನ ಕೆಳಗೆ ಇಡಲು ಒಂದು ಮರದ ತುಂಡು. ದಿನನಿತ್ಯದ ಓಡಾಟದಲ್ಲಿ ಮಾಸ್ಟರ್ ಸಿಲಿಂಡರಿನ ಕೊಂತ ಅದರ ಪೂರ್ಣ ಉದ್ದಕ್ಕೆ ಚಲಿಸುವುದಿಲ್ಲ. ಹಳೆಯ ಕಾರಿನಲ್ಲಿ ಆ ಬಳಸದ ಭಾಗದ ಗೋಡೆಗೆ ಕಸರು, ತುಕ್ಕು ಹಿಡಿದಿರಬಹುದು. ತಿರುಪು ಸಡಿಲಿಸಿ ಪೆಡಲನ್ನು ನೆಲ ಮುಟ್ಟುವವರೆಗೆ ತುಳಿದರೆ ರಬ್ಬರಿನ ಅಂಚು ಆ ಒರಟು ಜಾಗದ ಮೇಲೆ ಉಜ್ಜಿ ಹರಿಯುವ ಅಪಾಯವಿದೆ. ಗಾಳಿ ತೆಗೆಯಲು ಹೋಗಿ ಸಿಲಿಂಡರನ್ನೇ ಕೆಡಿಸಿಕೊಂಡಂತಾಗುತ್ತದೆ. ಮರದ ತುಂಡು ಪೆಡಲನ್ನು ಅರ್ಧದಾರಿಯಲ್ಲಿ ತಡೆದು ನಿಲ್ಲಿಸುತ್ತದೆ.

ಒಬ್ಬಂಟಿಯಾಗಿ ಮಾಡುವವರ ಗತಿಯೇನು? ಅವರಿಗಾಗಿಯೇ ಪಂಪುಗಳು ಬಂದಿವೆ. ಅವುಗಳಲ್ಲಿ ಎರಡು ಬಗೆ. ಒಂದು, ಚಕ್ರದ ಬಳಿಯಿಂದ ಹೀರುವ ನಿರ್ವಾತದ ಕೈಪಂಪು. ಇದನ್ನು ನಿಪ್ಪಲ್ಲಿಗೆ ಸಿಕ್ಕಿಸಿ, ಹಿಡಿಯನ್ನು ಕೆಲವು ಸಲ ಹಿಸುಕಿ, ತಿರುಪು ಸಡಿಲಿಸಿದರೆ ದ್ರವ ಪಂಪಿನ ಸೀಸೆಗೆ ಬಂದು ಬೀಳುತ್ತದೆ. ಹಗುರ, ಎಲ್ಲ ಕಾರಿಗೂ ಹೊಂದುತ್ತದೆ, ಬೆಲೆಯೂ ಮಿತ. ಆದರೆ ನನ್ನ ಮೂರನೆಯ ಪ್ರಶ್ನೆಗೆ ಇದು ನೇರವಾದ ಉತ್ತರ ಕೊಡುವುದಿಲ್ಲ. ತಿರುಪು ಸಡಿಲವಾದೊಡನೆ ಅದರ ಸುತ್ತುಗಳ ಸಂದಿನಿಂದ ಹೊರಗಿನ ಗಾಳಿಯೂ ಪಂಪಿನೊಳಕ್ಕೆ ನುಗ್ಗುತ್ತದೆ. ಬ್ರೇಕಿನೊಳಗೆ ಗಾಳಿಯೇ ಇಲ್ಲದಿದ್ದರೂ ನಳಿಕೆಯಲ್ಲಿ ಗುಳ್ಳೆಗಳು ನಿಲ್ಲದೆ ಬರುತ್ತವೆ. ಹೊಸಬರು ಇದನ್ನು ಕಂಡು ಬಾಟಲಿಗಟ್ಟಲೆ ದ್ರವವನ್ನು ಸುರಿದು ಬೇಸತ್ತುಹೋಗುತ್ತಾರೆ. ಅದಕ್ಕಿಂತ ಕೆಟ್ಟದ್ದೆಂದರೆ, ಗುಳ್ಳೆಗಳು ಬರುವುದೇ ಹೀಗೆ ಎಂದು ಅಭ್ಯಾಸವಾಗಿ, ನಿಜವಾದ ಗುಳ್ಳೆಯನ್ನೂ ಸುಳ್ಳೆಂದು ತಳ್ಳಿಹಾಕುವುದು. ಇದರ ಬಲಕ್ಕೂ ಒಂದು ಮಿತಿಯಿದೆ. ನಿರ್ವಾತ ಹೀರುತ್ತದೆ ಎಂದು ನಾವು ಹೇಳಿದರೂ ನಿಜವಾಗಿ ಕೆಲಸ ಮಾಡುವುದು ಅತ್ತ ಡಬ್ಬಿಯ ಕಡೆಯಿಂದ ತಳ್ಳುವ ವಾತಾವರಣದ ಒತ್ತಡ. ಅದು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಮಿನ ಭಾರ, ಅದಕ್ಕಿಂತ ಹೆಚ್ಚಾಗಲಾರದು. ಕಾಲಿನ ತುಳಿತದ ಒತ್ತಡ ಇದರ ಎಷ್ಟೋ ಪಟ್ಟು. ಡಬ್ಬಿಯ ಹಳೆಯ ದ್ರವವನ್ನು ಮೊದಲು ಖಾಲಿಮಾಡಿಕೊಳ್ಳಲು, ಚಕ್ರದಿಂದ ಹಳತನ್ನು ಬೇಗ ಸೆಳೆಯಲು ಈ ಪಂಪು ಒಳ್ಳೆಯ ಸಹಾಯಕ. ಕೊನೆಯ ತೀರ್ಪನ್ನು ಇದಕ್ಕೆ ಒಪ್ಪಿಸಬಾರದು.

ಎರಡನೆಯ ಬಗೆ, ಡಬ್ಬಿಯ ಕಡೆಯಿಂದ ತಳ್ಳುವ ಒತ್ತಡದ ಪಂಪು. ತೋಟಕ್ಕೆ ಔಷಧಿ ಹೊಡೆಯುವ ಕೈಪಂಪಿನ ತಮ್ಮನಂತಿರುವ ಒಂದು ಕ್ಯಾನು. ಅದರಲ್ಲಿ ಹೊಸ ದ್ರವ. ಡಬ್ಬಿಯ ಮುಚ್ಚಳ ತೆಗೆದು ಅದರ ಜಾಗದಲ್ಲಿ ಈ ಕ್ಯಾನಿನ ನಳಿಕೆಯಿರುವ ಮುಚ್ಚಳವನ್ನು ಬಿಗಿದು ಗಾಳಿ ಹಾಕಿದರೆ ದ್ರವ ನಾಲ್ಕೂ ಚಕ್ರದತ್ತ ಮೆಲ್ಲಗೆ ಒತ್ತಿಕೊಂಡು ನಿಲ್ಲುತ್ತದೆ. ಆಮೇಲೆ ಒಬ್ಬರೇ ಚಕ್ರದಿಂದ ಚಕ್ರಕ್ಕೆ ಹೋಗಿ ತಿರುಪು ಸಡಿಲಿಸಿ ನೋಡಬಹುದು. ಒಳಗಿನ ಒತ್ತಡ ಹೊರಗಿನದಕ್ಕಿಂತ ಹೆಚ್ಚಿರುವುದರಿಂದ ತಿರುಪಿನ ಸಂದಿನಲ್ಲಿ ಗಾಳಿ ಒಳನುಗ್ಗುವಂತಿಲ್ಲ. ನಳಿಕೆಯಲ್ಲಿ ಕಂಡ ಗುಳ್ಳೆ ಒಳಗಿನಿಂದ ಬಂದದ್ದೇ. ಪೆಡಲನ್ನು ತುಳಿಯುವ ಪ್ರಮೇಯವೂ ಇಲ್ಲವಾದ್ದರಿಂದ ಹಳೆಯ ಸಿಲಿಂಡರಿಗೆ ಕ್ಷೇಮ. ಇದರ ತೊಡಕಿರುವುದು ಮೊದಲನೆಯ ಪ್ರಶ್ನೆಯಲ್ಲಿ, ಎಂದರೆ ಮುಚ್ಚಳದಲ್ಲಿ. ಡಬ್ಬಿಯ ಬಾಯಿ ಕಾರಿನಿಂದ ಕಾರಿಗೆ ಬೇರೆ. ಹೊಂದದ ಮುಚ್ಚಳವನ್ನು ಹೇಗೋ ಕೂರಿಸಿ ಗಾಳಿ ಹಾಕಿದರೆ ದ್ರವ ಸೋರಿ ಬಣ್ಣದ ಮೇಲೆ ಬೀಳುತ್ತದೆ. ಬ್ರೇಕಿನ ದ್ರವ ಕಾರಿನ ಬಣ್ಣವನ್ನು ತಿಂದುಹಾಕುವಂಥದು. ಒತ್ತಡವೂ ಮಿತಿ ಮೀರಬಾರದು. ಚದರ ಅಂಗುಲಕ್ಕೆ 10ರಿಂದ 15 ಪೌಂಡು ಸಾಮಾನ್ಯವಾಗಿ ಸಾಕು. ಹೆಚ್ಚಿದರೆ ಪ್ಲಾಸ್ಟಿಕ್ಕಿನ ಡಬ್ಬಿ ಬಿರಿಯಬಹುದು. ಬಿಡಿ ಚಕ್ರದ ಗಾಳಿಯಿಂದಲೇ ನಡೆಯುವ ಅಗ್ಗದ ಮಾದರಿಯೂ ಉಂಟು. ಅದರಲ್ಲಿ ಚಕ್ರದ ಗಾಳಿಯನ್ನು ಮೊದಲು 20 ಪೌಂಡಿಗಿಂತ ಕೆಳಕ್ಕೆ ಇಳಿಸಿಕೊಳ್ಳಲು ಮರೆಯಬಾರದು. ನಿಮ್ಮ ಕಾರಿನ ಮುಚ್ಚಳ ಸಿಕ್ಕುವುದಾದರೆ, ಒಂಟಿಯಾಗಿ ಕೆಲಸ ಮಾಡುವವರಿಗೆ ನಾನು ಹೇಳುವುದು ಇದನ್ನೇ.

ಉಳಿದವನ್ನು ಬೇಗ ಹೇಳಿ ಮುಗಿಸಬಹುದು. ಒಮ್ಮುಖ ಕವಾಟವಿರುವ ನಳಿಕೆ ದ್ರವವನ್ನು ಹೊರಗೆ ಬಿಡುತ್ತದೆ, ಹಿಂದಕ್ಕೆ ಬಿಡುವುದಿಲ್ಲ. ಒಳ್ಳೆಯದೇ, ಆದರೆ ತುದಿ ಮುಳುಗಿಸಿದ ಸಾಮಾನ್ಯ ನಳಿಕೆಯೂ ಬಹುಮಟ್ಟಿಗೆ ಅದನ್ನೇ ಮಾಡುತ್ತದೆ. ಔಷಧದ ಅಂಗಡಿಯ ದೊಡ್ಡ ಸಿರಿಂಜು ಡಬ್ಬಿಯ ಹಳೆಯ ದ್ರವ ತೆಗೆಯಲು ಸಾಕು. ಏನೂ ಇಲ್ಲದವರು ಡಬ್ಬಿ ತುಂಬಿಸಿ, ತಿರುಪು ಸಡಿಲಿಸಿ, ದ್ರವ ತನ್ನ ಭಾರಕ್ಕೆ ತಾನೇ ಇಳಿದುಬರುವಂತೆ ಬಿಟ್ಟು ಕಾಯಬಹುದು. ತಾಳ್ಮೆಯುಳ್ಳವರಿಗೆ ಅದೂ ಒಂದು ದಾರಿ. ಯಾವ ದಾರಿಯೇ ಆಗಲಿ, ಡಬ್ಬಿಯಲ್ಲಿ ದ್ರವ ಬರಿದಾಗದಂತೆ ಪದೇ ಪದೇ ನೋಡಿ ತುಂಬುತ್ತಿರಬೇಕು. ಅದು ಬರಿದಾದರೆ ಅಷ್ಟು ಹೊತ್ತು ಹೊರಗಟ್ಟಿದ ಗಾಳಿ ಮುಂಬಾಗಿಲಿನಿಂದ ಒಳಗೆ ಬರುತ್ತದೆ.

ಪಟ್ಟಿಯಲ್ಲಿ ಕೊನೆಗೆ ಹೇಳಿದರೂ ಕಾರಿನ ಬಳಿಗೆ ಮೊದಲು ಒಯ್ಯಬೇಕಾದವು ಇವು. ಸಮತಟ್ಟಾದ ನೆಲ; ನೆಲದ ಮೇಲೆ ಉಳಿದ ಚಕ್ರಗಳಿಗೆ ಅಡ್ಡಗಲ್ಲು; ಜ್ಯಾಕಿನಿಂದ ಎತ್ತಿದ ಭಾರವನ್ನು ಹೊರಲು ಉಕ್ಕಿನ ಸ್ಟ್ಯಾಂಡುಗಳು. ಕಾರಿನ ಜೊತೆಗೆ ಕೊಡುವ ಜ್ಯಾಕು ಚಕ್ರ ಬದಲಾಯಿಸಲಷ್ಟೇ ಇರುವುದು. ಅದೊಂದನ್ನೇ ನಂಬಿ ಗಾಡಿಯ ಕೆಳಗೆ ಕೈ, ತಲೆ ತೂರಿಸಬಾರದು. ಇಟ್ಟಿಗೆ ಪೇರಿಸಿ ಅದರ ಮೇಲೆ ಕಾರು ನಿಲ್ಲಿಸುವುದೂ ಸಲ್ಲದು. ಇಟ್ಟಿಗೆ ಮುನ್ಸೂಚನೆ ಕೊಡದೆ ಒಡೆಯುತ್ತದೆ. ಕೈಗವಸು, ಕನ್ನಡಕ, ಹಳೆಯ ಬಟ್ಟೆ, ಒಂದು ಬಕೆಟ್ ನೀರು ಹತ್ತಿರವಿರಲಿ. ದ್ರವ ಬಣ್ಣದ ಮೇಲೆ ಚೆಲ್ಲಿದೊಡನೆ ನೀರು ಸುರಿಯಬೇಕು. ತೆಗೆದ ದ್ರವ ವಿಷ. ಮಕ್ಕಳಿಗೂ ನಾಯಿ ಬೆಕ್ಕುಗಳಿಗೂ ಸಿಕ್ಕದಂತೆ, ಚರಂಡಿಗೂ ಗಿಡದ ಬುಡಕ್ಕೂ ಸುರಿಯದೆ, ಬೇರೆಯೇ ಬಾಟಲಿಯಲ್ಲಿ ಮುಚ್ಚಿಟ್ಟು ಗ್ಯಾರೇಜಿಗೆ ಒಪ್ಪಿಸಬೇಕು.

ಯಾವ ಚಕ್ರದಿಂದ ಆರಂಭಿಸಬೇಕು? ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಎಂಬುದು ಹಳೆಯ ವಾಡಿಕೆ. ನಮ್ಮ ದೇಶದಲ್ಲಿ ಚಾಲಕ ಬಲಕ್ಕೆ ಕೂರುವುದರಿಂದ ಸಾಮಾನ್ಯವಾಗಿ ಅದು ಹಿಂದಿನ ಎಡ ಚಕ್ರ. ಅನಂತರ ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಆದರೆ ಇಂದಿನ ಅನೇಕ ಕಾರುಗಳಲ್ಲಿ ನಳಿಕೆಗಳು ಕರ್ಣರೇಖೆಯಂತೆ, ಮುಂದಿನ ಒಂದು ಚಕ್ರಕ್ಕೂ ಹಿಂದಿನ ಎದುರು ಬದಿಯ ಚಕ್ರಕ್ಕೂ ಜೋಡಿಯಾಗಿ ಸಾಗುತ್ತವೆ. ಅವುಗಳ ಕ್ರಮ ಬೇರೆಯಿರಬಹುದು. ಕಾರಿನ ದುರಸ್ತಿ ಕೈಪಿಡಿಯಲ್ಲಿ ಹೇಳಿರುವ ಕ್ರಮವೇ ಪ್ರಮಾಣ.

ಮನೆಯಲ್ಲಿ ಮಾಡಬಾರದ ಸಂದರ್ಭಗಳನ್ನೂ ಹೇಳಲೇಬೇಕು. ಒತ್ತಿದಾಗ ಚಕ್ರಗಳು ಜಾಮಾಗದಂತೆ ಕಾಯುವ ಎ.ಬಿ.ಎಸ್. ಎಂಬ ವ್ಯವಸ್ಥೆ ನಮ್ಮ ದೇಶದ ಹೊಸ ಕಾರುಗಳಿಗೆ 2019ರಿಂದ ಕಡ್ಡಾಯವಾಗಿದೆ. ಅಂಥ ಕಾರಿನಲ್ಲಿಯೂ ಗಾಳಿ ಸೇರಗೊಡದೆ ದ್ರವವನ್ನು ಬದಲಾಯಿಸುವುದು ಬಹುಮಟ್ಟಿಗೆ ಹಳೆಯ ರೀತಿಯಲ್ಲಿಯೇ ನಡೆಯುತ್ತದೆ. ಆದರೆ ಡಬ್ಬಿ ಬರಿದಾಗಿಯೋ ಭಾಗಗಳನ್ನು ಬಿಚ್ಚಿಯೋ ಎ.ಬಿ.ಎಸ್. ಪೆಟ್ಟಿಗೆಯೊಳಗೆ ಗಾಳಿ ಹೊಕ್ಕರೆ, ಅದರ ಒಳಗಿನ ಕವಾಟಗಳನ್ನು ವಿದ್ಯುತ್ ಯಂತ್ರದ ಮೂಲಕ ತೆರೆಸಿ ಮುಚ್ಚಿಸದ ಹೊರತು ಆ ಗಾಳಿ ಹೊರಬರದು. ಅಂಥ ಯಂತ್ರ ಗ್ಯಾರೇಜುಗಳಲ್ಲಿ ಇರುತ್ತದೆ. ವಿದ್ಯುತ್ ಕಾರು ಮತ್ತು ಹೈಬ್ರಿಡ್ ಕಾರುಗಳ ಬ್ರೇಕಿಗೂ ಮನೆಯ ಸ್ಪ್ಯಾನರು ತಾಗಿಸದಿರುವುದು ಉತ್ತಮ. ಎಷ್ಟು ಸಲ ಗಾಳಿ ತೆಗೆದರೂ ಪೆಡಲು ಮೆತ್ತಗೇ ಉಳಿದರೆ, ಅಥವಾ ಒತ್ತಿ ಹಿಡಿದ ಪೆಡಲು ಮೆಲ್ಲಮೆಲ್ಲನೆ ಕೆಳಗಿಳಿದರೆ, ದೋಷ ಬೇರೆಲ್ಲೋ ಇದೆ. ಅಲ್ಲಿ ಇನ್ನೊಂದು ಪಂಪು ಕೊಳ್ಳುವುದರಿಂದ ಪ್ರಯೋಜನವಿಲ್ಲ. ಕಾರನ್ನು ಓಡಿಸದೆ ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಬೇಕು.

ಕೆಲಸ ಮುಗಿದ ಮೇಲಿನ ಪರೀಕ್ಷೆಗೆ ಯಾವ ಸಲಕರಣೆಯೂ ಬೇಡ. ಎಂಜಿನ್ ನಿಂತಿರುವಾಗ ಪೆಡಲನ್ನು ಕೆಲವು ಸಲ ತುಳಿದು, ಗಟ್ಟಿಯಾಗಿ ಒತ್ತಿ ಒಂದು ನಿಮಿಷ ಹಿಡಿಯಿರಿ, ಅದು ಕದಲಬಾರದು. ಹಾಗೆಯೇ ಒತ್ತಿಕೊಂಡು ಎಂಜಿನ್ ಚಾಲೂ ಮಾಡಿದರೆ ತುಸು ಇಳಿದು ನಿಲ್ಲುತ್ತದೆ. ಅದು ಬ್ರೇಕಿಗೆ ನೆರವಾಗುವ ಬೂಸ್ಟರಿನ ಕೆಲಸ, ದೋಷವಲ್ಲ. ನಾಲ್ಕೂ ನಿಪ್ಪಲ್ಲುಗಳ ಬಳಿ ತೇವವಿದೆಯೇ ಎಂದು ಬಟ್ಟೆ ಒತ್ತಿ ನೋಡಿ. ಆಮೇಲೆ ಅಂಗಳದಲ್ಲಿ, ಅನಂತರ ಖಾಲಿ ಬೀದಿಯಲ್ಲಿ ನಡಿಗೆಯ ವೇಗದಲ್ಲಿ ಓಡಿಸಿ ನಿಲ್ಲಿಸಿ ನೋಡಿ. ಘಾಟಿಯ ಯೋಚನೆ ಅದಾದ ಮೇಲೆ.

ಒಟ್ಟಿನಲ್ಲಿ ನಾನು ಹೇಳುವುದಿಷ್ಟು. ಮನೆಯಲ್ಲಿ ಜೊತೆಗೊಬ್ಬರಿದ್ದರೆ ಅಳತೆಗೆ ಸರಿಯಾದ ರಿಂಗ್ ಸ್ಪ್ಯಾನರು, ಪಾರದರ್ಶಕ ನಳಿಕೆ, ಬಾಟಲಿ, ಮರದ ತುಂಡು, ಸರಿಯಾದ ದರ್ಜೆಯ ಹೊಸ ದ್ರವ, ಎರಡು ಸ್ಟ್ಯಾಂಡು ಇಷ್ಟರಿಂದಲೇ ಕೆಲಸ ಸಾಂಗವಾಗುತ್ತದೆ. ಹಣ ಖರ್ಚು ಮಾಡುವುದಾದರೆ ಮೊದಲು ಸ್ಟ್ಯಾಂಡುಗಳಿಗೆ, ಆಮೇಲೆ ಸ್ಪ್ಯಾನರಿಗೆ ಮಾಡಿ. ಒಬ್ಬರೇ ಇದ್ದರೆ ಒತ್ತಡದ ಪಂಪನ್ನು ಸೇರಿಸಿಕೊಳ್ಳಿ. ಯಾವುದನ್ನು ಕೊಂಡರೂ ಕೊನೆಯ ಚಕ್ರದ ಬಳಿ ಕೂತು, ನಳಿಕೆಯಲ್ಲಿ ತಿಳಿಯಾದ ಧಾರೆ ಗುಳ್ಳೆಯಿಲ್ಲದೆ ಹರಿಯುವವರೆಗೆ ನೋಡಿ; ಅವಸರದಿಂದ ಏಳಬೇಡಿ. ಈ ಮಳೆಗಾಲ ಕಳೆದ ಮೇಲೆ ನಿಮ್ಮ ಕಾರಿನ ಬಾನೆಟ್ಟು ಎತ್ತಿ, ಆ ಡಬ್ಬಿಯ ಮುಚ್ಚಳದ ಮೇಲೆ ಏನು ಅಚ್ಚಾಗಿದೆ ಎಂದು ಒಮ್ಮೆ ಓದಿ ನೋಡಿ. ದ್ರವವನ್ನು ಬದಲಾಯಿಸಿ ಎಷ್ಟು ವರ್ಷವಾಯಿತೆಂದು ಲೆಕ್ಕ ಹಾಕಿ.